ಟೆಸ್ಟಿಂಗ್ ಹಾಡೇ ಮೊದಲ ಹಾಡು: ಪಾಲ್ ಮೆಕಾರ್ಟ್ನಿಯವರ ‘ಮೆಕಾರ್ಟ್ನಿ’ ಆಲ್ಬಮ್

ಮೊದಲ ಹಾಡು ಮುಕ್ಕಾಲು ನಿಮಿಷವೂ ಇಲ್ಲ. ಗಿಟಾರು ಮೀಟುತ್ತಾ ಒಬ್ಬ ಗಂಡ ತನ್ನ ಹೆಂಡತಿಯನ್ನು, ತಲೆಯಲ್ಲಿ ಹೂ ಮುಡಿದ ಲಿಂಡಾಳನ್ನು, ನೆನೆದು ಒಂದೆರಡು ಸಾಲು ಹಾಡುತ್ತಾನೆ. ಕೊನೆಗೆ ನಗು ಬಂದುಬಿಡುತ್ತದೆ. ಹಾಡು ಅಲ್ಲಿಗೇ ನಿಲ್ಲುತ್ತದೆ. ಬಾಗಿಲು ಕಿರ್ ಎಂದದ್ದೂ ಟೇಪಿನಲ್ಲಿ ಹಾಗೇ ಉಳಿದಿದೆ. ಲಿಂಡಾ ಆಗ ಕೋಣೆ ದಾಟಿ ತೋಟದ ಕಡೆ ಹೋಗುತ್ತಿದ್ದರಂತೆ.

ಮನೆಗೆ ಬಂದ ಹೊಸ ಮಷೀನು ಸರಿಯಾಗಿ ಕೆಲಸ ಮಾಡುತ್ತದೋ ಇಲ್ಲವೋ ನೋಡಲು ಹಾಡಿದ ಹಾಡು ಇದು. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ ಟೆಸ್ಟಿಂಗು. ಪಾಲ್ ಮೆಕಾರ್ಟ್ನಿ ಅದನ್ನು ಅಳಿಸಲಿಲ್ಲ. ಇಂಗ್ಲೆಂಡಿನ ನಾಲ್ವರ ಹೆಸರಾಂತ ತಂಡ ಬೀಟಲ್ಸ್ ಬಿಟ್ಟು ಹೊರಬಂದಾಗ ತಂದ ಮೊದಲ ಆಲ್ಬಮ್ಮಿಗೆ ಅದನ್ನೇ ಮೊದಲ ಹಾಡು ಮಾಡಿದರು. ಆ ಆಲ್ಬಮ್ಮಿಗೆ ‘ಮೆಕಾರ್ಟ್ನಿ’ ಎಂದು ಬರೀ ತಮ್ಮ ಹೆಸರನ್ನೇ ಇಟ್ಟರು. 1970ರ ಏಪ್ರಿಲ್ 17ರಂದು ಇಂಗ್ಲೆಂಡಿನಲ್ಲಿ ಅದು ಹೊರಬಂತು.

ನಾನು ಸಂಗೀತ ವಿಮರ್ಶಕ ಅಲ್ಲ. 1989ರಿಂದ 2002ರವರೆಗೆ ಧಾರವಾಡದ ನಮ್ಮ ಮನೆಯ ನಡುಮನೆಯಲ್ಲಿ ಕ್ಯಾಸೆಟ್ ರೆಕಾರ್ಡಿಂಗ್ ಮಾಡಿದವನು. ಭಜನಾ ಮೇಳದವರು, ತತ್ವಪದ ಹಾಡುವವರು, ಗೀಗೀ ಪದದವರು ಬರುತ್ತಿದ್ದರು. ಹಾಡಿ, ಐವತ್ತೋ ನೂರೋ ಕಾಪಿ ಮಾಡಿಸಿಕೊಂಡು, ಜಾತ್ರೆಯಲ್ಲಿ ಮಾರುತ್ತಿದ್ದರು. ಗೋಡೆಗೆಲ್ಲ ಅವ್ವನ ಕೌದಿ ಇಳಿಬಿಟ್ಟಿದ್ದೆ, ದನಿ ಗುಂಯ್ ಅನ್ನಬಾರದು ಅಂತ. ಎರಡು ಡೆಕ್ಕು, ಒಂದು ಮೈಕು. ಒಂದೇ ಮೈಕು.

ಒಂದೇ ಮೈಕಿನಲ್ಲಿ ಆರು ಜನರನ್ನು ಹಿಡಿಯುವುದು ಹೇಗೆ ಗೊತ್ತಾ? ಜನರನ್ನೇ ಸರಿಸಬೇಕು. ಹಾಡುವವರು ಮೈಕಿಗೆ ಎರಡು ಗೇಣು ದೂರ. ಏಕತಾರಿ ಅವರ ಮೊಣಕಾಲ ಹತ್ತಿರ. ಹಾರ್ಮೋನಿಯಂ ಸ್ವಲ್ಪ ಓರೆಯಾಗಿ, ಗಾಳಿ ಒತ್ತುವ ಬದಿ ಆಚೆ. ದಮ್ಮಡಿ ಅದರ ಹಿಂದೆ. ತಾಳದವರನ್ನು ಮಾತ್ರ ಹೊಸ್ತಿಲ ಆಚೆಗೇ ಕೂರಿಸಬೇಕು, ಇಲ್ಲದಿದ್ದರೆ ಟೇಪಿನ ತುಂಬ ತಾಳವೇ. ಆಮೇಲೆ ಡೆಕ್ಕಿನ ಮೇಲಿನ ಲೆವೆಲ್ ಮುಳ್ಳು ನೋಡುತ್ತಾ ಕೂರುವುದು. ಮುಳ್ಳು ಕೆಂಪು ಗೆರೆಗೆ ಹೋದರೆ ಕೈ ಎತ್ತುತ್ತಿದ್ದೆ, ಎಲ್ಲರೂ ನಿಲ್ಲಿಸುತ್ತಿದ್ದರು.

ಈ ಕೆಲಸ ಮಾಡಿದ ಕಿವಿಯಿಂದಲೇ ನಾನು ಈ ಆಲ್ಬಮ್ ಕೇಳಿದ್ದು. ಮಗಳು ಇಂಗ್ಲೆಂಡಿನಿಂದ ಬರುವಾಗ ಸಿ.ಡಿ. ತಂದಳು, 2011ರಲ್ಲಿ ಮತ್ತೆ ಸರಿಮಾಡಿ ಬಿಟ್ಟ ಆವೃತ್ತಿ. ಸುಮ್ನೆ ಹಾಕಿ ನೋಡೋಣ ಅಂತ ಕೂತವನು ಅವತ್ತು ರಾತ್ರಿ ಮೂರು ಸಲ ಕೇಳಿದೆ.

ಹಿನ್ನೆಲೆ ಸ್ವಲ್ಪ ಹೇಳುತ್ತೇನೆ. 1969ರ ಸೆಪ್ಟೆಂಬರಿನಲ್ಲಿ ಬೀಟಲ್ಸ್ ತಂಡದ ಜಾನ್ ಲೆನನ್ ‘ನಾನು ಹೊರಟೆ’ ಎಂದು ಗೆಳೆಯರಿಗೆ ಹೇಳಿಯಾಗಿತ್ತು. ಹೊರಗಿನವರಿಗೆ ಅದು ಗೊತ್ತಿರಲಿಲ್ಲ. ಪಾಲ್ ಹೆಂಡತಿ ಮಕ್ಕಳನ್ನು ಕರೆದುಕೊಂಡು ಸ್ಕಾಟ್ಲೆಂಡಿನ ತೋಟದಮನೆಗೆ ಹೋಗಿ ಕೂತರು. ಎಳೆ ಕೂಸು ಮೇರಿಗೆ ಆಗ ಇನ್ನೂ ಕೆಲವೇ ತಿಂಗಳು. ಹದಿಹರೆಯದಿಂದ ಜೊತೆಗೆ ಬಾರಿಸಿದವರು ಬೇರೆಯಾದರು. ಮುಂದೇನು ಅನ್ನುವುದು ತಿಳಿಯದೆ ಕುಡಿತ ಜಾಸ್ತಿಯಾಯಿತು, ಬೆಳಿಗ್ಗೆ ಹಾಸಿಗೆ ಬಿಟ್ಟು ಏಳುವುದೇ ಕಷ್ಟವಾಯಿತು ಎಂದು ಅವರೇ ಆಮೇಲೆ ಹೇಳಿಕೊಂಡಿದ್ದಾರೆ. ವರ್ಷದ ಕೊನೆಗೆ ಲಂಡನ್ನಿಗೆ ವಾಪಸ್ ಬಂದರು. ಸೇಂಟ್ ಜಾನ್ಸ್ ವುಡ್‌ನಲ್ಲಿ ಅವರ ಮನೆ. ಬೀಟಲ್ಸ್ ಹಾಡುಗಳಲ್ಲಿ ಹೆಚ್ಚಿನವು ರೆಕಾರ್ಡ್ ಆದ ಅಬ್ಬೆ ರೋಡ್ ಸ್ಟುಡಿಯೋಗೆ ಅಲ್ಲಿಂದ ನಡೆದೇ ಹೋಗಬಹುದು. ಅವರು ಅಲ್ಲಿಗೆ ಹೋಗಲಿಲ್ಲ. ಸ್ಟೂಡರ್ ಕಂಪನಿಯ ನಾಲ್ಕು ಟ್ರ್ಯಾಕಿನ ಟೇಪ್ ಮಷೀನನ್ನು ಮನೆಗೇ ತರಿಸಿಕೊಂಡರು. ಡ್ರಮ್ಮು, ಬಾಸು (ದಪ್ಪ ದನಿಯ ಗಿಟಾರು), ಗಿಟಾರು, ಪಿಯಾನೋ ಎಲ್ಲ ತಾವೇ ಬಾರಿಸಿದರು. ಜೊತೆಗೆ ದನಿ ಸೇರಿಸಿದ್ದು ಲಿಂಡಾ ಒಬ್ಬರೇ.

ಇಲ್ಲಿ ನನ್ನ ಕಿವಿ ನೆಟ್ಟಗಾದ ವಿಷಯ ಒಂದಿದೆ. ಮಷೀನೇನೋ ಬಂತು. ಆದರೆ ಲೆವೆಲ್ ತೋರಿಸುವ ಮೀಟರು ಬರಲಿಲ್ಲ. ಬೇರೆ ಬೇರೆ ದನಿ ಕೂಡಿಸುವ ಮಿಕ್ಸರೂ ಇರಲಿಲ್ಲ. ಮೈಕು ಒಂದೇ. ಆಲ್ಬಮ್ ಬಿಡುಗಡೆಯ ಹೊತ್ತಿಗೆ ಪತ್ರಕರ್ತರಿಗೆ ಕೊಟ್ಟ ಹಾಳೆಯಲ್ಲಿ ಯಾವ ಸಾಮಾನು ಬಳಸಿದಿರಿ ಎಂಬ ಪ್ರಶ್ನೆಗೆ ಅವರು ಕೊಟ್ಟ ಉತ್ತರ ಇಷ್ಟೇ: ಸ್ಟೂಡರು, ಒಂದು ಮೈಕು, ಧೈರ್ಯ.

ಮೀಟರ್ ಇಲ್ಲ ಅನ್ನುವುದು ಎಂಥ ಕಷ್ಟ ಅಂತ ಈ ಕೆಲಸ ಮಾಡಿದವರಿಗೆ ಗೊತ್ತು. ಟೇಪಿಗೆ ದನಿ ಕಡಿಮೆ ಕೊಟ್ಟರೆ ಅದರದೇ ಸುಯ್ ಸದ್ದು ಮೇಲೆ ಬಂದು ಹಾಡನ್ನು ಮುಚ್ಚುತ್ತದೆ. ಜಾಸ್ತಿ ಕೊಟ್ಟರೆ ದನಿ ಒಡೆಯುತ್ತದೆ. ಇವೆರಡರ ನಡುವೆ ಸಣ್ಣ ಜಾಗ ಇದೆ. ಅದನ್ನು ಮುಳ್ಳು ತೋರಿಸುತ್ತದೆ. ಮುಳ್ಳಿಲ್ಲದಿದ್ದರೆ ಒಂದೇ ದಾರಿ. ಸ್ವಲ್ಪ ಬಾರಿಸಬೇಕು, ಹಿಂದಕ್ಕೆ ಸುತ್ತಿ ಕೇಳಬೇಕು, ಒಡೆದಿದ್ದರೆ ಮೈಕು ಅರ್ಧ ಗೇಣು ಸರಿಸಿ ಮತ್ತೆ ಬಾರಿಸಬೇಕು. ಒಂದೊಂದು ವಾದ್ಯಕ್ಕೂ ಹೀಗೇ. ಬಾರಿಸುವವರೂ ಅವರೇ, ಎದ್ದು ಹೋಗಿ ಗುಂಡಿ ಒತ್ತುವವರೂ ಅವರೇ.

ಆ ಮೊದಲ ಹಾಡು ‘ದಿ ಲವ್ಲಿ ಲಿಂಡಾ’ ಹೇಗೆ ಆಯಿತು ಅಂತಲೂ ಅದೇ ಹಾಳೆಗಳಲ್ಲಿ ಬರೆದಿದ್ದಾರೆ. ನಾಲ್ಕು ಟ್ರ್ಯಾಕು ಅಂದರೆ ಒಂದೇ ಹೊಲದಲ್ಲಿ ನಾಲ್ಕು ಸಾಲು ಇದ್ದ ಹಾಗೆ. ಒಂದೊಂದು ಸಾಲಿಗೆ ಬೇರೆ ಬೇರೆ ಬೀಜ ಹಾಕಬಹುದು. ಮೊದಲ ಸಾಲಿಗೆ ಹಾಡು ಮತ್ತು ಗಿಟಾರು. ಎರಡನೆಯದಕ್ಕೆ ಇನ್ನೊಂದು ಗಿಟಾರು. ಮೂರನೆಯದಕ್ಕೆ, ಕೇಳಿ, ಒಂದು ಪುಸ್ತಕದ ಮೇಲೆ ಕೈಯಿಂದ ಬಡಿದ ತಾಳ. ಕೊನೆಗೆ ಬಾಸು. ಈ ಪುಸ್ತಕದ ತಾಳವನ್ನು ಹೆಡ್‌ಫೋನ್ ಹಾಕಿ ಕೇಳಬೇಕು. ದಮ್ಮಡಿಯ ಹಾಗೆ ಗುಡುಗುವುದಿಲ್ಲ. ಅಂಗೈ ಒಣ ರಟ್ಟಿಗೆ ತಾಗಿದ ಸದ್ದು. ಹಾಡು ಇಡೀ ಅದರ ಮೇಲೆ ನಿಂತಿದೆ. ಕೈಗೆ ಸಿಕ್ಕದ್ದನ್ನು ಹಿಡಿದು ಬಡಿದದ್ದು ಅನ್ನಿಸುತ್ತದೆ, ಆದರೆ ಲೆವೆಲ್ ಎಷ್ಟು ಸರಿಯಾಗಿ ಕೂತಿದೆ ನೋಡಿ!

‘ಲೋ-ಫೈ’ ಎಂಬ ಮಾತು ಈಗ ಹುಡುಗರ ಬಾಯಲ್ಲಿ ಬಹಳ ಓಡಾಡುತ್ತದೆ. ಸುಯ್ ಸದ್ದು, ಕಟಕಟ ಸದ್ದು ಎಲ್ಲ ಕಂಪ್ಯೂಟರಿನಲ್ಲಿ ಬೇಕೆಂದೇ ಹಾಕುತ್ತಾರೆ. ಈ ಆಲ್ಬಮ್ಮಿನ ಒರಟುತನ ಆ ಬಗೆಯದಲ್ಲ. ಇದು ಇದ್ದ ಸಾಮಾನಿನಲ್ಲಿ ಆದಷ್ಟು ಚೆನ್ನಾಗಿ ಹಿಡಿಯಬೇಕು ಎಂದು ಹೊರಟವರ ಒರಟುತನ. ಕೇಳುವಾಗ ಆ ವ್ಯತ್ಯಾಸ ಗೊತ್ತಾಗುತ್ತದೆ.

ಒಟ್ಟು 13 ಹಾಡು, ಸುಮಾರು 35 ನಿಮಿಷ. ಎಲ್ಲವೂ ಮನೆಯಲ್ಲೇ ಆದದ್ದಲ್ಲ ಎಂಬುದನ್ನೂ ಹೇಳಬೇಕು. ಮನೆಯಲ್ಲಿ ಶುರುಮಾಡಿದ ಕೆಲವನ್ನು ಲಂಡನ್ನಿನದೇ ಮಾರ್ಗನ್ ಸ್ಟುಡಿಯೋಗೆ ಒಯ್ದು ಮುಗಿಸಿದರು. ಕೊನೆಕೊನೆಗೆ ಅಬ್ಬೆ ರೋಡಿಗೂ ಹೋದರು, ಅದೂ ‘ಬಿಲ್ಲಿ ಮಾರ್ಟಿನ್’ ಎಂಬ ಬೇರೆ ಹೆಸರಿನಲ್ಲಿ ಸ್ಟುಡಿಯೋ ಬುಕ್ ಮಾಡಿ. ಯಾರಿಗೂ ಗೊತ್ತಾಗಬಾರದಿತ್ತು.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಮಾತಿಲ್ಲದ ತುಣುಕುಗಳು. ‘ವ್ಯಾಲೆಂಟೈನ್ ಡೇ’ ಮತ್ತು ‘ಮೊಮ್ಮಾ ಮಿಸ್ ಅಮೆರಿಕಾ’ ಎರಡೂ ಮನೆಯಲ್ಲೇ, ಮೊದಲೇ ಏನೂ ಯೋಚಿಸದೆ ಬಾರಿಸುತ್ತಾ ಹೋದವು. ಸಂಗೀತಕ್ಕಿಂತ ಮಷೀನು ನೋಡುವುದೇ ಮುಖ್ಯವಾಗಿತ್ತು ಎಂದು ಅವರೇ ಬರೆದಿದ್ದಾರೆ. ‘ವ್ಯಾಲೆಂಟೈನ್ ಡೇ’ಯಲ್ಲಿ ಮೊದಲು ಡ್ರಮ್ಮು ಮತ್ತು ಗಿಟಾರು, ಅವುಗಳ ಮೇಲೆ ಎಲೆಕ್ಟ್ರಿಕ್ ಗಿಟಾರು, ಬಾಸು. ಒಂದೂವರೆ ನಿಮಿಷ ದಾಟುತ್ತಿದ್ದ ಹಾಗೆ ದನಿ ಇಳಿದು ಮುಗಿದೇ ಹೋಗುತ್ತದೆ.

‘ಮೊಮ್ಮಾ ಮಿಸ್ ಅಮೆರಿಕಾ’ ಮಾತ್ರ ನಾಲ್ಕು ನಿಮಿಷದ್ದು. ಶುರುವಿಗೆ ಒಂದು ದನಿ ಬರುತ್ತದೆ, ‘ರಾಕ್ ಎನ್ ರೋಲ್ ಸ್ಪ್ರಿಂಗ್‌ಟೈಮ್, ಟೇಕ್ ಒನ್’. ಅದನ್ನೂ ಅಳಿಸಿಲ್ಲ. ಆಮೇಲೆ ಬಾಸ್ ಒಂದೇ ನಡಿಗೆ ಹಿಡಿಯುತ್ತದೆ, ಡ್ರಮ್ಮು ಅದರ ಹಿಂದೆ ಸ್ವಲ್ಪ ಭಾರವಾಗಿ ಬರುತ್ತದೆ, ಮೇಲೆ ಪಿಯಾನೋ. ಎರಡನೇ ನಿಮಿಷದ ಆಸುಪಾಸಿನಲ್ಲಿ ಇದ್ದಕ್ಕಿದ್ದಂತೆ ನೆಲವೇ ಬೇರೆ. ಲಯ ಬೇರೆ, ಗಿಟಾರು ಮುಂದೆ ಬಂದಿದೆ. ಇವು ಎರಡು ಬೇರೆ ಬೇರೆ ತುಣುಕುಗಳಂತೆ. ಟೇಪಿನಲ್ಲಿ ಆಕಸ್ಮಿಕವಾಗಿ ಒಂದಕ್ಕೊಂದು ಕೂಡಿಕೊಂಡವು, ಅವರು ಹಾಗೇ ಬಿಟ್ಟರು.

ಡ್ರಮ್ ಬಾರಿಸುವುದು ಅವರ ಕಸುಬಲ್ಲ. ಒಳ್ಳೆ ಡ್ರಮ್ಮರ್ ಆಗಿದ್ದರೆ ಮಧ್ಯೆ ಮಧ್ಯೆ ಕೈಚಳಕ ತೋರಿಸುತ್ತಿದ್ದ. ಇವರು ತೋರಿಸುವುದಿಲ್ಲ. ಬಾಸ್ ಬಾರಿಸುವ ಕೈಗೆ ಬೇಕಾದ ಪೆಟ್ಟು ಎಲ್ಲಿ ಬೀಳಬೇಕೋ ಅಲ್ಲಿ ಬೀಳುತ್ತದೆ, ಅಷ್ಟೇ. ಒಂದೆರಡು ಕಡೆ ಲಯ ಚೂರು ಹಿಂದೆ ಜಗ್ಗುತ್ತದೆ. ಆಮೇಲೆ ಸೇರಿಸಿದ ಬಾಸು ಅದನ್ನು ತಿದ್ದಲು ಹೋಗುವುದಿಲ್ಲ, ತಾನೂ ಜೊತೆಗೇ ಜಗ್ಗುತ್ತದೆ. ಎರಡೂ ಒಬ್ಬರದೇ ಕೈ ತಾನೇ? ಐದಾರು ಜನ ಕೂಡಿ ಬಾರಿಸಿದ್ದರಲ್ಲಿ ಹೀಗೆ ಆಗುವುದೇ ಇಲ್ಲ.

ಈ ಹಾಡು ಕೇಳಿದಾಗಲೆಲ್ಲ ನನಗೆ ಒಬ್ಬ ಅಜ್ಜ ನೆನಪಾಗುತ್ತಾರೆ. ನವಲಗುಂದದ ಕಡೆಯವರು. 1993 ಇರಬೇಕು, ಶರೀಫರ ಪದ ಹಾಡಲು ಬಂದಿದ್ದರು. ಬಿಳಿ ಪಟಗಾ, ಕೈಯಲ್ಲಿ ಏಕತಾರಿ. ‘ಲೆವಲ್ ನೋಡತೇನ್ರಿ ಅಜ್ಜಾರ, ಸುಮ್ಮನ ಒಂದು ಪದ ಅನ್ರಿ’ ಅಂದೆ. ಅವರು ಅಂದರು. ಗೋಡೆಗೆ ಒರಗಿ, ಕಣ್ಣು ಕಿಟಕಿಯ ಕಡೆ ಇಟ್ಟು, ಅರ್ಧ ತಮಗೇ ಹಾಡಿಕೊಂಡ ಹಾಗೆ. ಎರಡನೇ ನುಡಿಯಲ್ಲಿ ಒಂದು ಕಡೆ ಉಸಿರು ಸಾಲದೆ ನಿಂತರು. ಏಕತಾರಿ ಮಾತ್ರ ನಡೆಯುತ್ತಾ ಇತ್ತು. ಮತ್ತೆ ಹಿಡಿದರು. ನನ್ನ ಕಣ್ಣು ಮುಳ್ಳಿನ ಮೇಲೆ. ಮುಳ್ಳು ಸರಿ ಇತ್ತು. ‘ಆತ್ರಿ, ಈಗ ಖರೇ ಹಾಡ್ರಿ’ ಎಂದು ಟೇಪು ಹಿಂದಕ್ಕೆ ಸುತ್ತಿ, ಅದರ ಮೇಲೇ ರೆಕಾರ್ಡ್ ಮಾಡಿದೆ.

ಖರೇ ಹಾಡಿದ್ದು ಚೆನ್ನಾಗೇ ಬಂತು. ಒಂದೂ ತಪ್ಪಿಲ್ಲ. ಆದರೆ ಅಜ್ಜ ಆಗ ನೆಟ್ಟಗೆ ಕೂತಿದ್ದರು, ಮೈಕನ್ನೇ ನೋಡುತ್ತಾ. ಎಲ್ಲ ಮುಗಿದ ಮೇಲೆ ಕೇಳಿದರು, ‘ಮೊದಲ ಹಾಡಿದ್ದ ಇಲ್ಲೇನೋ ತಮ್ಮಾ? ಅದು ಛಲೋ ಬಂದಿತ್ತಲ್ಲ?’ ಇಲ್ಲ ಅಂದೆ. ‘ಆತು ಬಿಡು’ ಅಂದರು. ಮತ್ತೆ ಅವರು ನಮ್ಮಲ್ಲಿಗೆ ಬರಲಿಲ್ಲ.

ಟೇಪಿಗೆ ದುಡ್ಡು ಬೀಳುತ್ತಿತ್ತು, ನಿಜ. ಹದಿಮೂರು ವರ್ಷ ಹೀಗೆ ನೂರಾರು ಟೆಸ್ಟಿಂಗ್ ಅಳಿಸಿದ್ದೇನೆ. ಅಳಿಸಬಾರದಿತ್ತು ಎಂದು ಗೊತ್ತಾದದ್ದು ಈ ಆಲ್ಬಮ್ ಕೇಳಿದ ಮೇಲೆ.

ಇನ್ನು ಇದರಲ್ಲಿ ಏನೇನು ಬಗೆಯ ಸಂಗೀತ ಇದೆ ಅಂದರೆ, ಒಂದೇ ತಟ್ಟೆಯಲ್ಲಿ ಎಲ್ಲವೂ ಇದೆ. ‘ದಟ್ ವುಡ್ ಬಿ ಸಮ್‌ಥಿಂಗ್’ ಬ್ಲೂಸ್ ಧಾಟಿಯದು. ಒಂದೇ ಮಾತನ್ನು ಎಳೆದೆಳೆದು ಹಾಡುತ್ತಾರೆ. ಎರಡು ನಿಮಿಷ ಕಳೆಯುವಷ್ಟರಲ್ಲಿ ನನಗೆ ಸಾಕು ಅನ್ನಿಸಿತು. ‘ಊ ಯೂ’ ಗಟ್ಟಿ ರಾಕು. ‘ಎವೆರಿ ನೈಟ್’ ಹಾಡು ಸ್ಟುಡಿಯೋದ್ದೇ. ಆದರೂ ಮನೆಯಲ್ಲೇ ಇದ್ದುಬಿಡೋಣ ಇವತ್ತು ಎಂಬ ಅದರ ದನಿ ಉಳಿದ ಹಾಡುಗಳ ಜೊತೆ ಚೆನ್ನಾಗಿ ಬೆರೆಯುತ್ತದೆ.

‘ಹಾಟ್ ಆ್ಯಸ್ ಸನ್’ ಎಂಬುದು ಅವರು ಹದಿನಾರು ಹದಿನೇಳರ ವಯಸ್ಸಿನಲ್ಲಿ, 1950ರ ದಶಕದ ಕೊನೆಗೆ, ಕಟ್ಟಿದ ಟ್ಯೂನು. ಕಡಲ ತೀರದಲ್ಲಿ ಯಾರೋ ಸಂಜೆ ಹೊತ್ತು ಬಾರಿಸಿದ ಹಾಗಿದೆ. ಅದು ಮುಗಿಯುತ್ತಿದ್ದ ಹಾಗೆ ‘ಗ್ಲಾಸಸ್’ ಶುರು. ವೈನ್ ಗ್ಲಾಸಿನ ಅಂಚಿನ ಮೇಲೆ ಒದ್ದೆ ಬೆರಳು ಉಜ್ಜಿದ ಸದ್ದು, ಒಂದರ ಮೇಲೊಂದು ಸೇರಿಸಿದ್ದು. ನಮ್ಮ ಜಲತರಂಗದ ಹಾಗೆ ಕಡ್ಡಿಯಿಂದ ಬಡಿದರೆ ಸದ್ದು ಟಿಂಗ್ ಎಂದು ಹುಟ್ಟಿ ಸಾಯುತ್ತದೆ. ಉಜ್ಜಿದರೆ ಸಾಯುವುದಿಲ್ಲ, ಎಳೆ ಹಿಡಿದ ಹಾಗೆ ನಿಂತೇ ಇರುತ್ತದೆ. ಬಿಸಿಲಿನ ಟ್ಯೂನು ಕೇಳುತ್ತಾ ಕೂತವರಿಗೆ ಒಮ್ಮೆಲೇ ಮೈ ತಣ್ಣಗಾಗುತ್ತದೆ. ಆಮೇಲೆ ಬೇರೊಂದು ಹಾಡಿನ ಕೆಲವೇ ಸೆಕೆಂಡಿನ ತುದಿ ಕೇಳಿಸಿ ಮಾಯ. ಎರಡು ನಿಮಿಷದಲ್ಲಿ ಮೂರು ಊರು ಸುತ್ತಿಸುತ್ತಾರೆ. ಈ ಜೋಡಣೆ ನನಗೆ ಬಹಳ ಇಷ್ಟವಾಯಿತು.

‘ಮ್ಯಾನ್ ವಿ ವಾಸ್ ಲೋನ್ಲಿ’ ಅಮೆರಿಕದ ಹಳ್ಳಿ ಕಡೆಯ ಹಾಡಿನ ಧಾಟಿ. ಗಂಡ ಹೆಂಡತಿ ಕೂಡಿ ಹಾಡಿದ ಮೊದಲ ಜೋಡಿಹಾಡು. ಇದರಲ್ಲಿ ಜಾರುತ್ತಾ ಹೋಗುವ ಸ್ಟೀಲ್ ಗಿಟಾರಿನ ದನಿ ಕೇಳಿಸುತ್ತದೆ. ಸ್ಟೀಲ್ ಗಿಟಾರು ಇರಲೇ ಇಲ್ಲ. ಡ್ರಮ್ಮಿನ ಗೂಟ ಒಂದನ್ನು ತಮ್ಮ ಮಾಮೂಲಿ ಎಲೆಕ್ಟ್ರಿಕ್ ಗಿಟಾರಿನ ತಂತಿಯ ಮೇಲೆ ಜಾರಿಸಿ ತೆಗೆದ ದನಿ ಅದು. ಹಾಡಿನ ನಡುವಿನ ಭಾಗವನ್ನು ಒಂದು ಮಧ್ಯಾಹ್ನ ಊಟದ ಹೊತ್ತಿನಲ್ಲಿ ಗಡಿಬಿಡಿಯಿಂದ ಬರೆದರಂತೆ, ಅವತ್ತೇ ರೆಕಾರ್ಡಿಂಗ್ ಇತ್ತು. ಲಿಂಡಾ ವೃತ್ತಿಯಿಂದ ಫೋಟೋ ತೆಗೆಯುವವರು, ಹಾಡುಗಾರ್ತಿ ಅಲ್ಲ. ಅವರ ದನಿ ಸ್ವಲ್ಪ ಚಪ್ಪಟೆ. ಆಗಿನ ಕಾಲದಲ್ಲಿ ಇದಕ್ಕೆ ಬಹಳ ಜನ ಅವರನ್ನು ಆಡಿಕೊಂಡರು. ನನಗೆ ಅದು ಸರಿ ಕಾಣುವುದಿಲ್ಲ. ಭಜನೆಯಲ್ಲಿ ಹಿಮ್ಮೇಳದವರು ಎಲ್ಲರೂ ಉಸ್ತಾದರೇ ಆಗಿರುತ್ತಾರೇನು? ದನಿಯಲ್ಲಿ ದನಿ ಸೇರಿಸುವ ಮನಸ್ಸು ಇದ್ದರೆ ಸಾಕು, ಆ ಮನಸ್ಸು ಇಲ್ಲಿ ಕೇಳಿಸುತ್ತದೆ.

ಈ ಆಲ್ಬಮ್ಮಿಗೆ ನಮ್ಮ ದೇಶದ ನಂಟೂ ಇದೆ. 1968ರ ಫೆಬ್ರವರಿಯಲ್ಲಿ ಬೀಟಲ್ಸ್ ನಾಲ್ವರೂ ಮಹರ್ಷಿ ಮಹೇಶ ಯೋಗಿಯವರ ಆಶ್ರಮಕ್ಕೆ, ಋಷಿಕೇಶಕ್ಕೆ, ಬಂದಿದ್ದರಲ್ಲ? ‘ಜಂಕ್’ ಹಾಡು ಅಲ್ಲಿ ಹುಟ್ಟಿದ್ದು. ‘ಟೆಡ್ಡಿ ಬಾಯ್’ ಕೂಡ ಅಲ್ಲೇ ಶುರುವಾದದ್ದು. ‘ಟೆಡ್ಡಿ ಬಾಯ್’ ಬಗ್ಗೆ ಹೇಳುವುದು ಜಾಸ್ತಿ ಇಲ್ಲ. ಅವ್ವ ಮಗನ ಕತೆ, ಎಲ್ಲಿಗೂ ಹೋಗಿ ಮುಟ್ಟುವುದಿಲ್ಲ.

‘ಜಂಕ್’ ಮಾತ್ರ ಬೇರೆಯೇ. ಗುಜರಿ ಅಂಗಡಿಯಲ್ಲಿ ಬಿದ್ದಿರುವ ಹಳೇ ಸಾಮಾನುಗಳ ಹೆಸರನ್ನು ಒಂದೊಂದಾಗಿ ಹೇಳುತ್ತಾ ಹೋಗುತ್ತಾರೆ, ಅಷ್ಟೇ ಹಾಡು. ಎರಡು ನಿಮಿಷವೂ ಇಲ್ಲ. ನಮ್ಮೂರ ಗುಜರಿಯಲ್ಲಿ ಎಷ್ಟೋ ಡೆಕ್ಕು, ಸ್ಪೀಕರು ಬಿದ್ದಿದ್ದನ್ನು ನೋಡಿದ್ದೇನೆ. ನನ್ನದೊಂದು ಡೆಕ್ಕನ್ನೂ 2004ರಲ್ಲಿ ತೂಕಕ್ಕೆ ಕೊಟ್ಟೆ. ಹೆಡ್ ಸವೆದಿತ್ತು, ಹೊಸದು ಸಿಗಲಿಲ್ಲ. ತಕ್ಕಡಿಯಲ್ಲಿ ಇಟ್ಟಾಗ ಮುಚ್ಚಳ ತಾನೇ ತೆರೆದುಕೊಂಡಿತು. ಈ ಹಾಡಿನಲ್ಲಿ ಅಂಥ ಸಾಮಾನುಗಳ ಬಗ್ಗೆ ಅಳು ಇಲ್ಲ, ಪಾಲ್ ದನಿ ಏರಿಸುವುದೂ ಇಲ್ಲ. ಗಿಟಾರು ಎರಡು, ಬಾಸು, ಮೆಲ್ಲಗೆ ಒಂದಿಷ್ಟು ಡ್ರಮ್ಮು, ಒಂದೆರಡು ಕಡೆ ಝೈಲೋಫೋನಿನ ಹನಿ. ನಾನು ಕೇಳುವ ಹಾಡುಗಳಲ್ಲಿ ಇದು ಈಗ ಮೊದಲ ಸಾಲಿನಲ್ಲಿದೆ.

ಇದೇ ಟ್ಯೂನು ಎರಡನೇ ಬದಿಯಲ್ಲಿ ಮತ್ತೆ ಬರುತ್ತದೆ, ಮಾತಿಲ್ಲದೆ, ‘ಸಿಂಗಲಾಂಗ್ ಜಂಕ್’ ಎಂಬ ಹೆಸರಿನಲ್ಲಿ. ಇದು ಮೊದಲ ಟೇಕು, ಅಂದರೆ ಮೊದಲ ಸಲ ರೆಕಾರ್ಡ್ ಮಾಡಿದ್ದು. ಮೊದಲ ಬದಿಯಲ್ಲಿ ಹಾಡಾಗಿ ಬಂದದ್ದು ಎರಡನೇ ಟೇಕು. ನಾನಾಗಿದ್ದರೆ ಮೊದಲನೆಯದರ ಮೇಲೇ ಎರಡನೆಯದನ್ನು ಹಿಡಿಯುತ್ತಿದ್ದೆ. ಅವರು ಮೊದಲ ಟೇಕನ್ನು ಉಳಿಸಿಕೊಂಡರು, ಹಾಡಿನ ಎಳೆಯನ್ನು ವಾದ್ಯದಲ್ಲೇ ಬಾರಿಸಿದರು, ಹಿಂದೆ ತಂತಿವಾದ್ಯಗಳ ಹಾಗೆ ಕೇಳುವ ಮೆಲೊಟ್ರಾನ್ ಎಂಬ ಕೀಬೋರ್ಡ್ ಸೇರಿಸಿದರು. ಕೇಳುವವರು ಜೊತೆಗೆ ಗುನುಗಿಕೊಳ್ಳಲಿ ಎಂದೇ ಆ ಹೆಸರು ಇಟ್ಟ ಹಾಗಿದೆ. ನಮ್ಮ ಮನೆಯಲ್ಲಿ ಇಂಗ್ಲಿಷ್ ಹಾಡು ಕೇಳದ ನನ್ನ ಹೆಂಡತಿ ರೊಟ್ಟಿ ಬಡಿಯುತ್ತಾ ಇದನ್ನು ಗುನುಗುತ್ತಾಳೆ.

ಆಲ್ಬಮ್ಮಿನಲ್ಲಿ ಎಲ್ಲರಿಗೂ ಗೊತ್ತಿರುವ ಹಾಡು ‘ಮೇಬಿ ಐಯಾಮ್ ಅಮೇಜ್ಡ್’. ಅದು ಮನೆಯದಲ್ಲ, ಅಬ್ಬೆ ರೋಡಿನ ಎರಡನೇ ನಂಬರ್ ಸ್ಟುಡಿಯೋದ್ದು. ಪಿಯಾನೋ, ಗಂಟಲು ಹರಿಯುವಂಥ ಹಾಡುಗಾರಿಕೆ, ನಡುವೆ ಏರುವ ಗಿಟಾರು. ಬಹಳ ದೊಡ್ಡ ಹಾಡು, ಅದರಲ್ಲಿ ಎರಡು ಮಾತಿಲ್ಲ. ಕೈ ಹಿಡಿದು ಎತ್ತಿದ ಹೆಂಡತಿಗೆ ಹೇಳಿದ ಹಾಡು. ಅಂದಹಾಗೆ ಆಗ ಇದನ್ನು ಬಿಡಿ ರೆಕಾರ್ಡಾಗಿ ಬಿಡಲೇ ಇಲ್ಲ. ಬಿಟ್ಟದ್ದು 1977ರಲ್ಲಿ, ಅದೂ ಕಛೇರಿಯಲ್ಲಿ ಹಾಡಿದ ರೂಪ. ಉಳಿದವೆಲ್ಲ ಅರೆಬೆಂದವು, ಇದೊಂದೇ ಪೂರ್ತಿ ಹಾಡು ಎಂದು ಆಗಿನ ವಿಮರ್ಶಕರು ಬಹಳ ಮಂದಿ ಬರೆದರು. ನಾನು ಅದನ್ನು ಒಪ್ಪುವುದಿಲ್ಲ. ಈ ಹಾಡೊಂದನ್ನೇ ಕೇಳಿದರೆ ಒಬ್ಬ ದೊಡ್ಡ ಹಾಡುಗಾರ ಕಾಣುತ್ತಾರೆ. ಹನ್ನೊಂದು ತುಣುಕು ಕೇಳಿದ ಮೇಲೆ ಇದು ಬಂದರೆ ಬೇರೆಯೇ ಕಾಣುತ್ತದೆ. ಪುಸ್ತಕ ಬಡಿದು, ಗ್ಲಾಸು ಉಜ್ಜಿ, ಒಬ್ಬರೇ ಕೂತು ಕೈ ಪಳಗಿಸಿಕೊಂಡವರು ಕಡೆಗೆ ಎದ್ದು ನಿಂತು ಬಾಯಿ ತುಂಬ ಹಾಡಿದರಲ್ಲ ಎಂದು ಎದೆ ತುಂಬುತ್ತದೆ. ಅದಕ್ಕೇ ಇದನ್ನು ವರಸೆಯಲ್ಲೇ ಕೇಳಿ, ಹಾರಿಸಬೇಡಿ.

ಕೊನೆಯದು ‘ಕ್ರೀನ್-ಅಕ್ರೋರ್’. ಬ್ರೆಜಿಲ್ ಕಾಡಿನ ಒಂದು ಜನಾಂಗವನ್ನು ಹೊರಗಿನವರು ಆಗ ಕರೆಯುತ್ತಿದ್ದ ಹೆಸರು ಅದು. ಅವರು ತಮ್ಮನ್ನು ಕರೆದುಕೊಳ್ಳುವುದು ಪನಾರಾ ಎಂದು. ಟಿ.ವಿ.ಯಲ್ಲಿ ಅವರ ಬಗ್ಗೆ, ಬಿಳಿಯರು ಅವರ ಬದುಕನ್ನು ಬದಲಿಸಲು ಹೊರಟ ಬಗ್ಗೆ, ಚಿತ್ರ ನೋಡಿದ ಪಾಲ್ ಮಾರನೇ ದಿನ ಮಧ್ಯಾಹ್ನ ಡ್ರಮ್ ಬಾರಿಸಲು ಕೂತರು. ಮಾರ್ಗನ್ ಸ್ಟುಡಿಯೋದಲ್ಲಿ ಮಾಡಿದ್ದು. ಬೇಟೆಯ ಓಟವನ್ನು ಸದ್ದಿನಲ್ಲಿ ತರುವ ಪ್ರಯತ್ನ. ಬಾಣ ಬಿಟ್ಟ ಸದ್ದಿಗೆ ನಿಜವಾದ ಬಿಲ್ಲನ್ನೇ ತಂದರು, ಅದು ಮುರಿಯಿತು. ಸ್ಟುಡಿಯೋದಲ್ಲಿ ಬೆಂಕಿ ಹಾಕಿದರು, ಆದರೆ ಆಲ್ಬಮ್ಮಿಗೆ ಬಂದದ್ದು ಬೆಂಕಿಯ ಸದ್ದಲ್ಲ, ಕಡ್ಡಿ ಮುರಿದ ಸದ್ದು. ಪ್ರಾಣಿಗಳು ಓಡಿದ ಸದ್ದಿಗೆ ಗಿಟಾರಿನ ಪೆಟ್ಟಿಗೆ ಬಡಿದರು. ಪ್ರಾಣಿಗಳ ಕೂಗು ಗಂಡ ಹೆಂಡತಿಯದೇ, ಟೇಪಿನ ವೇಗ ಹೆಚ್ಚಿಸಿದ್ದು.

ಕೇಳಲು ಹೇಗಿದೆ? ಮೊದಲ ಸಲ ನನಗೆ ಬೇಸರ ಬಂತು. ನಾಲ್ಕು ನಿಮಿಷಕ್ಕೂ ಜಾಸ್ತಿ, ಎಲ್ಲಿ ಹೋಗುತ್ತಿದೆ ತಿಳಿಯುವುದಿಲ್ಲ. ಮತ್ತೆ ಮತ್ತೆ ಕೇಳಿದ ಮೇಲೂ ಅದರ ಡ್ರಮ್ಮು ಮತ್ತು ಏದುಸಿರು ಇಷ್ಟ, ಉಳಿದದ್ದು ಕಡಿಮೆ ಇಷ್ಟ. ಆದರೆ ಪನಾರಾ ಜನರಿಗೆ ಮುಂದೆ ಏನಾಯಿತು ಎಂದು ಮಗಳು ಓದಿ ಹೇಳಿದ ಮೇಲೆ ಸುಮ್ಮನೆ ಕೂತು ಕೇಳುತ್ತೇನೆ. 1973ರಲ್ಲಿ ಹೊರಗಿನವರ ಜೊತೆ ಅವರ ಭೇಟಿಯಾಯಿತು. ಎರಡೇ ವರ್ಷದಲ್ಲಿ ರೋಗ ಬಿದ್ದು ನೂರಾರು ಜನ ಸತ್ತರು. ಉಳಿದ 79 ಜನರನ್ನು ಅವರ ಕಾಡಿನಿಂದ ಬೇರೆ ಕಡೆ ಸಾಗಿಸಿದರು. 1990ರ ದಶಕದಲ್ಲಿ ಹೋರಾಡಿ ತಮ್ಮ ನೆಲದ ಒಂದು ಪಾಲನ್ನು ವಾಪಸ್ ಪಡೆದರು.

ಕವರ್ ಫೋಟೋ ಲಿಂಡಾ ತೆಗೆದದ್ದು. ಬಿಳಿ ಜಾಗದಲ್ಲಿ ಕೆಂಪು ರಸ ತುಂಬಿದ ಒಂದು ಬಟ್ಟಲು, ಸುತ್ತ ಚೆಲ್ಲಿದ ಚೆರ್ರಿ ಹಣ್ಣು. ಹಿಂಬದಿಯಲ್ಲಿ ಗಡ್ಡ ಬಿಟ್ಟ ಪಾಲ್, ಅವರ ಜಾಕೆಟ್ಟಿನ ಒಳಗಿಂದ ಇಣುಕುವ ಕೂಸು ಮೇರಿ. ಬಾಣಂತನ ಮುಗಿದ ಮನೆಯ ಫೋಟೋ ಇದ್ದ ಹಾಗಿದೆ. ಬೀಟಲ್ಸರ ಕೊನೆಯ ಆಲ್ಬಮ್ ಮೇ 8ಕ್ಕೆ ಬರುವುದಿತ್ತು, ಇದನ್ನು ಮುಂದಕ್ಕೆ ಹಾಕು ಎಂದು ಉಳಿದವರು ಹೇಳಿದರೂ ಪಾಲ್ ಕೇಳಲಿಲ್ಲ. ಏಪ್ರಿಲ್ 10ರ ಪೇಪರಿನಲ್ಲಿ ಪಾಲ್ ಬೀಟಲ್ಸ್ ಬಿಟ್ಟರು ಎಂಬ ಸುದ್ದಿ, ಒಂದು ವಾರಕ್ಕೆ ಆಲ್ಬಮ್. ಆ ಗದ್ದಲದಲ್ಲಿ ಜನ ಹಾಡಿಗಿಂತ ಜಗಳವನ್ನೇ ಕೇಳಿಸಿಕೊಂಡರು ಅನ್ನಿಸುತ್ತದೆ. ಆದರೂ ಅಮೆರಿಕದಲ್ಲಿ ಮೂರು ವಾರ ಮೊದಲ ಸ್ಥಾನದಲ್ಲಿತ್ತು, ಇಂಗ್ಲೆಂಡಿನಲ್ಲಿ ಎರಡನೇ ಸ್ಥಾನಕ್ಕೆ ಬಂತು.

ಕೊಳ್ಳುವವರಿಗೆ ಒಂದೆರಡು ಮಾತು. 2011ರ ಆವೃತ್ತಿಯಲ್ಲಿ ದನಿ ಶುಚಿಯಾಗಿದೆ, ಸುಯ್ ಸದ್ದನ್ನು ಪೂರ್ತಿ ಒರೆಸಿ ಹಾಕಿಲ್ಲ, ಅದು ಒಳ್ಳೆಯದಾಯಿತು. ಫೋನಿನ ಸ್ಪೀಕರಿನಲ್ಲಿ ಕೇಳಬೇಡಿ, ಪುಸ್ತಕದ ತಾಳವೂ ಬಾಸೂ ಕೈಗೆ ಸಿಗುವುದಿಲ್ಲ. ಹೆಡ್‌ಫೋನ್ ಬೇಕು, ದುಬಾರಿಯದೇ ಆಗಬೇಕೆಂದಿಲ್ಲ. ಇದು ಹಿಡಿಸಿದರೆ ಇದೇ ರೀತಿ ಒಬ್ಬರೇ ಕೂತು ಮಾಡಿದ ಇನ್ನೆರಡು ಆಲ್ಬಮ್ ಇವೆ. 1980ರ ‘ಮೆಕಾರ್ಟ್ನಿ 2’ರಲ್ಲಿ ಸಿಂಥಸೈಜರ್ ಎಂಬ ಎಲೆಕ್ಟ್ರಾನಿಕ್ ವಾದ್ಯದ ಆಟ ಜಾಸ್ತಿ. 2020ರ ‘ಮೆಕಾರ್ಟ್ನಿ 3’ ಲಾಕ್‌ಡೌನ್‌ನಲ್ಲಿ ಮಾಡಿದ್ದು, ಆಗ ಅವರಿಗೆ 78. ಎರಡನ್ನೂ ಕೇಳಿದ್ದೇನೆ. ನನಗೆ ಮೊದಲನೆಯದೇ ಹತ್ತಿರ.

ಅಟ್ಟದ ಮೇಲೆ ನನ್ನ ಹಳೇ ಮಾಸ್ಟರ್ ಕ್ಯಾಸೆಟ್ಟುಗಳ ಒಂದು ಟ್ರಂಕ್ ಇದೆ. ಹೋದ ತಿಂಗಳಿಂದ ಒಂದೊಂದೇ ಇಳಿಸಿ, ಹತ್ತಿಗೆ ಸ್ಪಿರಿಟ್ ಹಾಕಿ ಹೆಡ್ ಒರೆಸಿ, ಮೊದಲಿಂದ ಕೇಳುತ್ತಿದ್ದೇನೆ. ಪದ ಶುರುವಾಗುವ ಮುಂಚಿನ ಜಾಗ ಎಲ್ಲಾದರೂ ಅಳಿಯದೆ ಉಳಿದಿದೆಯಾ ಅಂತ. ಇಲ್ಲಿಯವರೆಗೆ 31 ಕ್ಯಾಸೆಟ್ ಆದವು. ಒಂದರಲ್ಲಿ ಮಾತ್ರ ಹತ್ತು ಹನ್ನೊಂದು ಸೆಕೆಂಡು ಸಿಕ್ಕಿದೆ. ಒಬ್ಬ ಹೆಣ್ಣುಮಗಳು ಮೆಲ್ಲಗೆ ಶ್ರುತಿ ಹಿಡಿಯುತ್ತಾಳೆ, ಯಾರೋ ಕೆಮ್ಮುತ್ತಾರೆ. ‘ಮೈಕಿಗೆ ಎಷ್ಟ ದೂರ ಕೂಡ್ಲಿ?’ ಎಂದು ಅವಳು ಕೇಳುತ್ತಾಳೆ. ಇನ್ನೂ 19 ಕ್ಯಾಸೆಟ್ ಬಾಕಿ ಇವೆ.